ಮುಂಜಗಲಿಯಲ್ಲಿ ಕುಂಬಳಕಾಯಿ, ಒಳಗೆ ಪಟ್ಟದ ಗೊಂಬೆ: ಮನೆಯಲ್ಲೇ ಮಾಡುವ ಅಕ್ಟೋಬರ್ ಅಲಂಕಾರಕ್ಕೆ ಸಲಹೆ ಕೊಡಿ

ಮಲ್ಲಿಗೆಬಳ್ಳಿ (ಡಬ್ಲಿನ್, ಒಹಾಯೋ) · 27 ಸೆಪ್ಟೆಂಬರ್ 2025

ಎಂಟು ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದು ಈ ಬೇಸಿಗೆಯಲ್ಲಿ ಸ್ವಂತ ಮನೆಗೆ ಬಂದೆವು. ಮನೆಗೊಂದು ಜಗಲಿ ಇದೆ. ಇಷ್ಟು ದಿನ ಅದು ನನ್ನ ಹೆಮ್ಮೆಯಾಗಿತ್ತು, ಈಗ ತಲೆನೋವು. ಅಕ್ಟೋಬರ್ 31ಕ್ಕೆ ಹ್ಯಾಲೊವೀನ್, ಮಕ್ಕಳು ವೇಷ ಹಾಕಿ ಮನೆಮನೆಗೆ ತಿಂಡಿ ಕೇಳಲು ಬರುವ ಭೂತದ ಹಬ್ಬ. ನಮ್ಮ ಬೀದಿಯಲ್ಲಿ ಈಗಾಗಲೇ ಎಲ್ಲರ ಕಂಬಕ್ಕೂ ಜೋಳದ ದಂಟು ಕಟ್ಟಿಯಾಗಿದೆ, ಮೆಟ್ಟಿಲ ಮೇಲೆ ಕುಂಬಳಕಾಯಿ ಕೂತಿವೆ. ಎದುರು ಮನೆಯವರು 12 ಅಡಿಯ ಪ್ಲಾಸ್ಟಿಕ್ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಅಂಥದ್ದಕ್ಕೆ ಸುಮಾರು 300 ಡಾಲರ್ ಎಂದು ಕೇಳಿ ನಮ್ಮ ಯಜಮಾನರು ಒಂದು ನಿಮಿಷ ಮಾತನಾಡಲಿಲ್ಲ.

ಏಳು ವರ್ಷದ ಮಗನಿಗೆ "ಹೆದರಿಕೆ ಆಗುವಂಥದ್ದು" ಬೇಕು. ಮೈಸೂರಿನಿಂದ ಅತ್ತೆ ಬಂದಿದ್ದಾರೆ. ನಡುಮನೆಯಲ್ಲಿ ಐದು ಮೆಟ್ಟಿಲ ಗೊಂಬೆ ಕೂರಿಸಿದ್ದಾರೆ. "ಒಳಗೆ ಪಟ್ಟದ ಗೊಂಬೆ ಇರುವಾಗ ಹೊಸ್ತಿಲ ಮುಂದೆ ತಲೆಬುರುಡೆ ಇಡುವುದು ಬೇಡ" ಎಂದು ಒಂದೇ ಸಲ ಹೇಳಿದರು. ಅವರು ಎರಡನೆಯ ಸಲ ಹೇಳುವವರಲ್ಲ.

ಆದ್ದರಿಂದ ನನ್ನ ಲೆಕ್ಕ ಹೀಗಿದೆ: ಈಗ ಬರಿಯ ಶರತ್ಕಾಲದ ಅಲಂಕಾರ, ಕೊನೆಯ ವಾರ ಮಾತ್ರ ಸ್ವಲ್ಪ ಭೂತಚೇಷ್ಟೆ. ಮನೆಯಲ್ಲೇ ಮಾಡುವಂತಿರಬೇಕು, 30 ಡಾಲರ್ ಮೀರಬಾರದು. ನನ್ನ ಕೈಗುಣ ಅಷ್ಟಕ್ಕಷ್ಟೆ ಎನ್ನುವುದೂ ನೆನಪಿರಲಿ.

ಅಟ್ಟದಬೆಕ್ಕು (ಮಿಚಿಗನ್) · 27 ಸೆಪ್ಟೆಂಬರ್

ಎಲೆಗಳಿಂದ ಶುರು ಮಾಡಿ. ದುಡ್ಡಿಲ್ಲದೆ ಸಿಗುತ್ತವೆ, ಮಗನಿಗೂ ಕೆಲಸವಾಗುತ್ತದೆ. ಆದರೆ ಬಿದ್ದ ಎಲೆಯನ್ನು ಹಾಗೆಯೇ ದಾರಕ್ಕೆ ಪೋಣಿಸಿದರೆ ಮೂರನೆಯ ದಿನಕ್ಕೆ ಸುರುಟಿ ಹಪ್ಪಳವಾಗುತ್ತದೆ. ಮೊದಲ ವರ್ಷ ನಾನು ಮಾಡಿದ ತೋರಣ ಗಾಳಿಗೆ ಪುಡಿಯಾಗಿ ನೆರೆಮನೆಯ ಅಂಗಳಕ್ಕೆ ಹೋಯಿತು.

ನಾನು ಮೂರು ವಿಧಾನ ಮಾಡಿ ನೋಡಿದ್ದೇನೆ. ಇಸ್ತ್ರಿಯದು ಸುಲಭ: ಎಲೆಯನ್ನು ಎರಡು ಮೇಣದ ಕಾಗದಗಳ ನಡುವೆ ಇಟ್ಟು, ಮೇಲೊಂದು ಹಳೆಯ ಟವೆಲ್ ಹಾಸಿ, ಹಬೆ ಇಲ್ಲದೆ ಹದವಾದ ಬಿಸಿಯಲ್ಲಿ ಒತ್ತುವುದು. ಬೆಳಕಿಗೆ ಎದುರಾಗಿ ಕಿಟಕಿಗೆ ಅಂಟಿಸಲು ಚೆನ್ನ, ತೋರಣಕ್ಕೆ ಆಗದು. ಗ್ಲಿಸರಿನ್ ವಿಧಾನದಲ್ಲಿ ಒಂದು ಪಾಲು ಗ್ಲಿಸರಿನ್, ಎರಡು ಪಾಲು ನೀರು ಬೆರೆಸಿ ತಟ್ಟೆಯಲ್ಲಿ ಎಲೆಗಳನ್ನು ಮುಳುಗಿಸಿ ನಾಲ್ಕೈದು ದಿನ ಬಿಡಬೇಕು. ಎಲೆ ಚರ್ಮದಂತೆ ಮೆತ್ತಗಾಗುತ್ತದೆ, ಬಣ್ಣ ಮಾತ್ರ ಸ್ವಲ್ಪ ಕಪ್ಪಿಡುತ್ತದೆ.

ನನ್ನ ಮೆಚ್ಚಿನದು ಜೇನುಮೇಣ. ಎಲೆಗಳನ್ನು ಹಳೆಯ ಪತ್ರಿಕೆಯೊಳಗೆ ಎರಡು ದಿನ ಒತ್ತಿಟ್ಟು ತೇವ ತೆಗೆಯಿರಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿ, ಅದರೊಳಗೆ ಸಣ್ಣ ಪಾತ್ರೆಯಿಟ್ಟು ಮೇಣ ಕರಗಿಸಿ. ಮೇಣವನ್ನು ನೇರವಾಗಿ ಉರಿಯ ಮೇಲೆ ಇಡಲೇಬಾರದು, ಹೊತ್ತಿಕೊಳ್ಳುತ್ತದೆ. ಎಲೆಯ ತೊಟ್ಟು ಹಿಡಿದು ಒಮ್ಮೆ ಅದ್ದಿ ಎತ್ತಿ, ಎರಡು ಸಲ ಕೊಡವಿ, ಬಟ್ಟೆ ಒಣಗಿಸುವಂತೆ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡಿ. ಮೇಣ ತುಂಬಾ ಬಿಸಿಯಿದ್ದರೆ ತೆಳುವಾದ ಪದರ ಬರುತ್ತದೆ, ಆರಿದ್ದರೆ ಬಿಳಿ ಗಂಟು ಕಟ್ಟುತ್ತದೆ. ನಾಲ್ಕೈದು ಎಲೆ ಕೆಡಿಸಿದ ಮೇಲೆ ಕೈಗೆ ಹದ ಸಿಗುತ್ತದೆ. ಕಳೆದ ವರ್ಷದ ಮೇಪಲ್ ಎಲೆಗಳು ನಮ್ಮ ದೇವರ ಕೋಣೆಯ ಬಾಗಿಲಿಗೆ ಯುಗಾದಿಯವರೆಗೆ ಇದ್ದವು.

ಎಲೆಮರೆಕಾಯಿ (ಪೆನ್ಸಿಲ್ವೇನಿಯಾ) · 28 ಸೆಪ್ಟೆಂಬರ್

ಬೆಕ್ಕಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮಗನನ್ನು ಎಲೆ ಆಯಲು ಕಳಿಸುವ ಮುನ್ನ ಪಾಯ್ಸನ್ ಐವಿ ಬಳ್ಳಿಯನ್ನು ಗುರುತಿಸಲು ಕಲಿಸಿ. ಶರತ್ಕಾಲದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆಂದವಾಗಿ ಕೆಂಪಾಗುವ ಗಿಡಗಳಲ್ಲಿ ಅದೂ ಒಂದು. ಮಕ್ಕಳ ಕೈ ಮೊದಲು ಹೋಗುವುದೇ ಅಲ್ಲಿಗೆ.

ಒಂದು ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಯ ಕಾಂಡ ಮಾತ್ರ ಉದ್ದ. ಐದು ಎಲೆಯಿದ್ದರೆ ಅದು ವರ್ಜೀನಿಯಾ ಕ್ರೀಪರ್, ಬೇರೆ ಬಳ್ಳಿ. ಪಾಯ್ಸನ್ ಐವಿಯ ಎಣ್ಣೆಯಂಥ ರಸಕ್ಕೆ ಉರುಶಿಯೋಲ್ ಎನ್ನುತ್ತಾರೆ. ಇದು ಗೇರು ಮತ್ತು ಮಾವಿನ ಕುಟುಂಬಕ್ಕೇ ಸೇರಿದ ಗಿಡ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರು, ಮಾವಿನ ಸೊನೆ ತಾಗಿ ತುಟಿ ಬೊಕ್ಕೆ ಎದ್ದವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಇದು ಅದೇ ಜಾತಿಯ ಕಾಟ, ಇನ್ನೂ ಜೋರು. ಒಣಗಿದ ಎಲೆಯಲ್ಲೂ ರಸ ಉಳಿದಿರುತ್ತದೆ. ಸುಟ್ಟರೆ ಹೊಗೆಯೇ ಅಪಾಯ. ತಾಗಿದರೆ ತಡಮಾಡದೆ ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯಬೇಕು, ಬಟ್ಟೆಯನ್ನೂ ಒಗೆಯಬೇಕು.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಸಸ್ಯಶಾಸ್ತ್ರ ಓದಿದ ನಾನೇ ಇಲ್ಲಿಗೆ ಬಂದ ಮೊದಲ ವರ್ಷ ಅದರ ಎಲೆಗಳಿಂದ ಹೂಗುಚ್ಛ ಕಟ್ಟಿ ಊಟದ ಮೇಜಿನ ಮೇಲೆ ಇಟ್ಟಿದ್ದೆ. ಎರಡು ವಾರ ಮೊಣಕೈವರೆಗೆ ತುರಿಕೆಗೆ ಹಚ್ಚುವ ಕ್ಯಾಲಮೈನ್ ಬಳಿದುಕೊಂಡು ಓಡಾಡಿದೆ.

ಮಲ್ಲಿಗೆಬಳ್ಳಿ · 28 ಸೆಪ್ಟೆಂಬರ್

ಅಯ್ಯೋ, ನಮ್ಮ ಹಿತ್ತಲ ಬೇಲಿಯ ಮೇಲೆ ಮೂರೆಲೆಯದೊಂದು ಇದೆ! ನಿನ್ನೆಯಷ್ಟೇ ಅತ್ತೆ "ಎಷ್ಟು ಚೆಂದದ ಬಣ್ಣ, ಗೊಂಬೆಗಳ ಹಿಂದೆ ಹಾಕೋಣ" ಎನ್ನುತ್ತಿದ್ದರು. ನಿಮಗೆ ಕೈಮುಗಿಯಬೇಕು.

ಒಂದು ಮಾತು ಕೇಳಲೇ? ಕೆಲವು ಮರ ಹಳದಿ, ಕೆಲವು ಕೆಂಪು, ಇದು ಯಾಕೆ? ಮಗ ಕೇಳಿದ, ನಾನು "ದೇವರ ಇಷ್ಟ" ಎಂದು ತಪ್ಪಿಸಿಕೊಂಡೆ.

ಎಲೆಮರೆಕಾಯಿ · 28 ಸೆಪ್ಟೆಂಬರ್

ಹಳದಿ ಬಣ್ಣ ಎಲೆಯಲ್ಲಿ ಮೊದಲಿನಿಂದಲೂ ಇರುತ್ತದೆ. ಹಗಲು ಕುಗ್ಗಿದಾಗ ಮರ ಹಸಿರು ಪತ್ರಹರಿತ್ತನ್ನು ಕಳಚಿಕೊಳ್ಳುತ್ತದೆ, ಕೆಳಗಿದ್ದ ಹಳದಿ ಕಾಣುತ್ತದೆ, ಗೋಡೆಯ ಹೊಸ ಸುಣ್ಣ ಉದುರಿ ಹಳೆಯದು ಕಂಡಂತೆ. ಕೆಂಪು ಹಾಗಲ್ಲ, ಅದನ್ನು ಎಲೆ ಆಗಲೇ ಹೊಸದಾಗಿ ತಯಾರಿಸುತ್ತದೆ. ಎಲೆಯಲ್ಲಿ ಸಿಕ್ಕಿಬಿದ್ದ ಸಕ್ಕರೆಯೇ ಅದಕ್ಕೆ ಬಂಡವಾಳ. ಹಗಲು ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಚೆನ್ನಾಗಿ ಏರುತ್ತದೆ.

ನೇರನುಡಿ · 29 ಸೆಪ್ಟೆಂಬರ್

ಎಲ್ಲ ಸರಿ. ನವರಾತ್ರಿಯ ನಡುವೆ ಕೂತು ನಾವು ಚರ್ಚಿಸುತ್ತಿರುವುದು ಪರರ ಭೂತದ ಹಬ್ಬವನ್ನು. ನಮ್ಮ ಮಕ್ಕಳಿಗೆ ಬನ್ನಿ ಎಂದರೆ ಗೊತ್ತಿಲ್ಲ, ಕುಂಬಳಕ್ಕೆ ಮುಖ ಕೊರೆದು ಮಾಡುವ ಜ್ಯಾಕ್ ಓ ಲ್ಯಾಂಟರ್ನ್ ದೀಪ ಗೊತ್ತು. ನನ್ನ ಮಾತು ಯಾರಿಗಾದರೂ ಕಹಿಯಾದರೆ ಆಗಲಿ.

ಹಳೆಮೇಷ್ಟ್ರು (ಸಾಗರ) · 30 ಸೆಪ್ಟೆಂಬರ್

ನೇರನುಡಿಯವರೇ, ಕಹಿಯೇನೂ ಇಲ್ಲ. ಆದರೆ ಈ ಹುಡುಗಿ ಕೇಳಿದ್ದು ಜಗಲಿ ಸಿಂಗರಿಸುವುದನ್ನು. ಬೆಳೆ ಮನೆಗೆ ಬರುವ ಕಾಲದಲ್ಲಿ ಜಗಲಿ ಸಿಂಗರಿಸದ ಊರು ಯಾವುದು?

ಕಂಬಕ್ಕೆ ಜೋಳದ ದಂಟು ಕಟ್ಟುತ್ತಾರೆ ಎಂದು ಓದಿ ನನಗೆ ನಗು ಬಂತು. ನಮ್ಮ ಕರಾವಳಿ, ಮಲೆನಾಡಿನಲ್ಲಿ ಇದೇ ಕಾಲಕ್ಕೆ ಹೊಸ ಭತ್ತದ ಕದಿರು ತಂದು, ಮಾವು ಹಲಸಿನ ಎಲೆಯಲ್ಲಿ ಸುತ್ತಿ, ಬಾಗಿಲಿಗೆ, ಕಂಬಕ್ಕೆ, ಕಣಜಕ್ಕೆ, ನೊಗಕ್ಕೆ ಕಟ್ಟುತ್ತಾರೆ. ತುಳುನಾಡಿನವರು ಇದನ್ನು ಮನೆ ತುಂಬಿಸುವುದು ಎನ್ನುತ್ತಾರೆ. ಮಂಗಳೂರು ಸೌತೆಯನ್ನು ಬಾಳೆನಾರಿನಿಂದ ಬಿಗಿದು ಅಟ್ಟದ ಜಂತಿಗೆ ಸಾಲಾಗಿ ತೂಗುಬಿಡುತ್ತಿದ್ದೆವು. ನಮಗೆ ಅದು ಮಳೆಗಾಲದ ದಾಸ್ತಾನು, ನೋಡುವವರಿಗೆ ತೋರಣ. ಗದ್ದೆಯ ಬೆರ್ಚಪ್ಪನಿಗೆ ನನ್ನ ಅಪ್ಪ ಹರಿದ ಅಂಗಿ ತೊಡಿಸಿ ಮಡಕೆಯ ತಲೆ ಇಟ್ಟು ಸುಣ್ಣದಲ್ಲಿ ಮೀಸೆ ಬರೆಯುತ್ತಿದ್ದರು. ಇನ್ನು ಭೂತದ ಮುಖದ ಮಾತು. ಬೂದುಗುಂಬಳಕ್ಕೆ ಕೋರೆಹಲ್ಲು, ಗುಡ್ಡೆಗಣ್ಣು ಬರೆದು ಹೊಸ ಮನೆಯ ಮುಂದೆ ದೃಷ್ಟಿಗೆ ಕಟ್ಟಿದ್ದನ್ನು ನೀವು ನೋಡಿಲ್ಲವೇ? ಕುಂಬಳಕಾಯಿಗೆ ರಾಕ್ಷಸನ ಮುಖ ಹಾಕಿ ಬಾಗಿಲು ಕಾಯಲು ಕೂರಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಆಯುಧಪೂಜೆಗೆ ಅದನ್ನು ನಡುರಸ್ತೆಯಲ್ಲಿ ಒಡೆದು ಸ್ಕೂಟರಿನವರನ್ನು ಬೀಳಿಸುತ್ತೇವೆ, ಅವರು ಒಡೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಾರಕ್ಕೆ ನಮ್ಮಲ್ಲಿ ಭೂಮಿ ಹುಣ್ಣಿಮೆ. ಬಸಿರಾದ ಭೂಮಿತಾಯಿಗೆ ಬಯಕೆ ಬಡಿಸುವ ಹಬ್ಬ. ಆ ಅಡುಗೆ ಹೊತ್ತು ಗದ್ದೆಗೆ ಹೋಗುವ ಬುಟ್ಟಿಗೆ ನಮ್ಮ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಚಿತ್ತಾರ ಬರೆಯುತ್ತಾರೆ. ಬುಟ್ಟಿಗೆ ಸೆಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಎಳೆ ಎಳೆಯುತ್ತಾರೆ. ಅಡ್ಡಗೆರೆ, ಉದ್ದಗೆರೆ, ನಡುವೆ ಭತ್ತದ ಸಸಿ. ಮಲ್ಲಿಗೆಬಳ್ಳಿ, ನಿಮ್ಮ ಮಗನಿಗೆ ಚಾಕು ಕೊಡಲು ಹೆದರಿಕೆಯಾದರೆ ಕುಂಬಳಕಾಯಿಯನ್ನು ಕೊರೆಯಬೇಡಿ, ಅದರ ಮೇಲೆ ಚಿತ್ತಾರ ಬರೆಯಿರಿ. ಕುಂಬಳದ ಸೀಳುಗಳೇ ಗೆರೆ ಹಾಕಿಕೊಟ್ಟಿರುತ್ತವೆ.

ನೇರನುಡಿ · 30 ಸೆಪ್ಟೆಂಬರ್

ಮೇಷ್ಟ್ರೇ, ಸೌತೆಕಾಯಿಯ ಮಾತೆತ್ತಿ ನನ್ನ ಬಾಯಿ ಕಟ್ಟಿದಿರಿ. ನಮ್ಮ ಅಜ್ಜಿಯ ಮನೆಯಲ್ಲೂ ಹಾಗೆಯೇ ತೂಗುತ್ತಿದ್ದವು. ಆದರೂ ಅಸ್ಥಿಪಂಜರ ನನಗೆ ಒಪ್ಪಿಗೆಯಿಲ್ಲ.

ಲಿಫಿದಂಡೆಯವ (ಡಬ್ಲಿನ್) · 1 ಅಕ್ಟೋಬರ್

ಶೀರ್ಷಿಕೆಯ ಕೆಳಗೆ ಡಬ್ಲಿನ್ ಎಂದು ನೋಡಿ ನಮ್ಮ ಊರಿನವರೇ ಎಂದು ಓಡಿಬಂದೆ. ಒಹಾಯೋದಲ್ಲೂ ಒಂದು ಇದೆಯೇ! ನಾನು ಅಸಲಿ ಡಬ್ಲಿನ್‌ನವನು, ಐರ್ಲೆಂಡ್. ಬಂದದ್ದಾಯಿತು, ಎರಡು ಮಾತು ಹೇಳಿ ಹೋಗುತ್ತೇನೆ.

ಈ ಹಬ್ಬದ ತವರು ಇದೇ ನೆಲ. ಸುಗ್ಗಿ ಮುಗಿದು ಕತ್ತಲ ಕಾಲ ಶುರುವಾಗುವ ಸಂಧಿಯನ್ನು ಇಲ್ಲಿಯ ಹಳಬರು ಸೌವಿನ್ ಎಂದು ಆಚರಿಸುತ್ತಿದ್ದರು. ಈಗಲೂ ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳ ಹೆಸರೇ ಅದು. ಆಮೇಲೆ ನವೆಂಬರ್ 1ರ ಸಕಲ ಸಂತರ ದಿನ ಅದರ ಮೇಲೆ ಬಂದು ಕೂತಿತು. ಕುಂಬಳಕಾಯಿ ಮಾತ್ರ ಇಲ್ಲಿಯದಲ್ಲ. ಇಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ಒಳಗೆ ಕೆಂಡವನ್ನೋ ಮೇಣದಬತ್ತಿಯ ತುಂಡನ್ನೋ ಇಡುತ್ತಿದ್ದರು. ವಲಸೆ ಹೋದವರಿಗೆ ಅಮೆರಿಕದಲ್ಲಿ ದೊಡ್ಡದಾದ, ಮೆತ್ತಗಿನ, ಹೇಗೂ ಒಳಗೆ ಟೊಳ್ಳಾದ ಕುಂಬಳ ಸಿಕ್ಕಿತು. ಯಾರು ತಾನೇ ಮತ್ತೆ ಗಡ್ಡೆ ಕೊರೆಯುತ್ತಾರೆ? ಮೇಯೋ ಸೀಮೆಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗ್ರಾಮಜೀವನ ವಿಭಾಗದಲ್ಲಿ ಡೊನಿಗಾಲ್‌ನ ಫಿನ್‌ಟೌನ್ ಊರಿನ ಟರ್ನಿಪ್ ದೀಪದ ಅಚ್ಚು ಇದೆ. ನೋಡಿದರೆ ಕುಂಬಳದ ನಗುಮುಖವೆಲ್ಲ ಮಕ್ಕಳಾಟ ಅನ್ನಿಸುತ್ತದೆ. ಸುಕ್ಕುಗಟ್ಟಿದ ಮುದಿಮುಖ, ಮುರುಕು ಹಲ್ಲು.

ಕಳೆದ ವರ್ಷ ನಾನೂ ಒಂದು ಕೊರೆಯಲು ಕೂತೆ. ಇಲ್ಲಿಯವರು ಟರ್ನಿಪ್ ಎನ್ನುವುದು ನೇರಳೆ ತಲೆಯ, ಹಳದಿ ತಿರುಳಿನ ಗಟ್ಟಿ ಗಡ್ಡೆಯನ್ನು. ನಮ್ಮ ನವಿಲುಕೋಸಿನ ದೊಡ್ಡಣ್ಣ ಎಂದುಕೊಳ್ಳಿ. ಅರ್ಧ ಗಂಟೆಯಲ್ಲಿ ಒಂದು ಚಮಚ ಬಾಗಿತು, ಅಂಗೈಯಲ್ಲಿ ಬೊಬ್ಬೆ ಬಂತು. ತಿರುಳು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಆಗ ಊರಿನಿಂದ ಬಂದಿದ್ದ ಅಮ್ಮ ಸುಮ್ಮನೆ ನೋಡುತ್ತಾ ಕೂತವರು ಎದ್ದುಹೋಗಿ ತುರಿಮಣೆ ತಂದರು. ಮೂರು ವರ್ಷದ ಹಿಂದೆ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಬಂದದ್ದು ಅದು. ಗಡ್ಡೆಯ ತಲೆಯನ್ನು ಮುಚ್ಚಳದಂತೆ ಹಾರಿಸಿ, ಕಾಯಿಹೋಳು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು, ಮಣೆಯ ಮೇಲೆ ಕೂತು ಹಲ್ಲಿಗೆ ಒತ್ತಿ ಒಂದೇ ಸಮನೆ ತಿರುಗಿಸತೊಡಗಿದರು. ಹದಿನೈದು ನಿಮಿಷದಲ್ಲಿ ಗೋಡೆ ಬೆರಳು ದಪ್ಪಕ್ಕೆ ಬಂತು. ಕೆಳಗೆ ಬಿದ್ದ ತುರಿಗೆ ಒಗ್ಗರಣೆ ಹಾಕಿ ಪಲ್ಯವನ್ನೂ ಮಾಡಿದರು.

ದೀಪ ಹಚ್ಚಿದ ಮೇಲೆ ಮುಚ್ಚಳದ ಒಳಬದಿ ಸುಟ್ಟು ಬಂದ ವಾಸನೆ ಮಾತ್ರ ಬರೆಯುವಂಥದ್ದಲ್ಲ. ವಿದ್ಯುತ್ ದೀಪ ಇಡಿ.

ಅಟ್ಟದಬೆಕ್ಕು · 1 ಅಕ್ಟೋಬರ್

ತುರಿಮಣೆಯ ಮೇಲೆ ಟರ್ನಿಪ್! ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಜಯನಗರದವಳು (ಬೆಂಗಳೂರು) · 4 ಅಕ್ಟೋಬರ್

ನಾನೂ ಸೇರಬಹುದೇ? ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಈಗ ಹ್ಯಾಲೊವೀನ್ ಬೇಕು, ಸಮಿತಿಯವರು ಅಲಂಕಾರ ನನ್ನ ತಲೆಗೆ ಕಟ್ಟಿದ್ದಾರೆ. ಇಲ್ಲಿ ಶರತ್ಕಾಲದ ಎಲೆ ಎಲ್ಲಿ ಬರಬೇಕು? ಬಾದಾಮಿ ಮರದ ಎಲೆ ಕೆಂಪಾಗುತ್ತದೆ, ಆದರೆ ಅದಕ್ಕೆ ಇನ್ನೂ ಮೂರು ತಿಂಗಳಿದೆ. ಅಕ್ಟೋಬರ್ ಎಂದರೆ ನಮಗೆ ಸಂಜೆಯ ಮಳೆ. ಹೋದ ವರ್ಷ ಅಂಟಿಸಿದ ಕಪ್ಪು ಕಾಗದದ ಬಾವಲಿಗಳು ಬಣ್ಣ ಬಿಟ್ಟು ಗೋಡೆಯ ತುಂಬ ಕಣ್ಣೀರು ಸುರಿಸಿದವು. ಆ ಕಲೆ ಇನ್ನೂ ಇದೆ, ಸಮಿತಿಯವರ ನೆನಪೂ ಇದೆ.

ಎಲೆಮರೆಕಾಯಿ · 4 ಅಕ್ಟೋಬರ್

ಬೆಂಗಳೂರಿನಲ್ಲಿ ಅಶ್ವತ್ಥಕಟ್ಟೆಗೆ ಬರವೇ? ಅರಳಿ ಎಲೆಯ ಜಾಲರಿ ಮಾಡಿ. ಬಲಿತ, ಹುಳು ತಿನ್ನದ ಎಲೆಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ. ಎರಡರಿಂದ ಮೂರು ವಾರದಲ್ಲಿ ಹಸಿರು ತಿರುಳು ಕೊಳೆತು ಲೋಳೆಯಾಗುತ್ತದೆ. ಅಂಗೈ ಮೇಲಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟುತ್ತಾ ನಲ್ಲಿಯ ಕೆಳಗೆ ತೊಳೆದರೆ ನರಗಳ ಬಲೆ ಮಾತ್ರ ಉಳಿಯುತ್ತದೆ. ಉಜ್ಜಬೇಡಿ, ತಟ್ಟಬೇಕು. ಬಾಲ್ಯದಲ್ಲಿ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ. ಹಿಂದೆ ಒಂದು ದೀಪವಿಟ್ಟರೆ ಗೋಡೆಯ ಮೇಲೆ ಅದರ ನೆರಳು ಬೀಳುತ್ತದೆ. ಎಲೆಯ ಅಸ್ಥಿಪಂಜರ. ಇದಕ್ಕೆ ನೇರನುಡಿಯವರೂ ಒಪ್ಪಬಹುದು.

ಬಕೆಟ್ ಬಾಲ್ಕನಿಯ ದೂರದ ಮೂಲೆಯಲ್ಲಿರಲಿ, ನಾರುತ್ತದೆ. ಮೇಲೆ ಬಟ್ಟೆ ಕಟ್ಟಿ, ಇಲ್ಲವಾದರೆ ಸೊಳ್ಳೆ ಸಾಕಿದಂತೆ.

ನೇರನುಡಿ · 5 ಅಕ್ಟೋಬರ್

ಒಪ್ಪಿದೆ.

ಮಲ್ಲಿಗೆಬಳ್ಳಿ · 9 ಅಕ್ಟೋಬರ್

ವರದಿ ಒಪ್ಪಿಸಲು ಬಂದೆ. ವಿಜಯದಶಮಿ ಕಳೆದು ಗೊಂಬೆಗಳು ಪೆಟ್ಟಿಗೆ ಸೇರಿದವು. ಮೇಣದ ಎಲೆಯ ತೋರಣ ಅಮೋಘವಾಗಿ ಬಂತು. ಮಾವಿನೆಲೆ ಸಿಗದ ಊರಿನಲ್ಲಿ ಇದೇ ತೋರಣ ಎಂದು ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ್ದಾರೆ.

ಓಕ್ ಕಾಯಿಗಳ ಕತೆ ಬೇರೆ. ಮಗ ಉದ್ಯಾನದಿಂದ ಒಂದು ಚೀಲ ಆಯ್ದು ತಂದ. ಟೊಪ್ಪಿಗೆ ಇರುವವನ್ನೇ ಆರಿಸಿ, ಗಾಜಿನ ಬಟ್ಟಲಿಗೆ ಸುರಿದು, ನಡುವೆ ಒಂದು ದೀಪವಿಟ್ಟು ನಡುಮನೆಯ ಮೇಜಿನ ಮೇಲೆ ಇಟ್ಟೆ. ಪತ್ರಿಕೆಯ ಚಿತ್ರದಂತೆ ಕಾಣುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಕಾಫಿ ಹಿಡಿದು ಕೂತ ಅತ್ತೆ, "ಇದರಲ್ಲಿ ಅಕ್ಕಿ ಯಾಕೆ ಹಾಕಿದೆ?" ಎಂದರು. ಬಗ್ಗಿ ನೋಡಿದೆ. ಅಕ್ಕಿ ನಡೆಯುತ್ತಿತ್ತು.

ಎಲೆಮರೆಕಾಯಿ · 9 ಅಕ್ಟೋಬರ್

ಮೂತಿಹುಳುವಿನ ಮರಿಗಳು. ಬೇಸಿಗೆಯಲ್ಲಿ ಕಾಯಿ ಎಳಸಾಗಿರುವಾಗ ತಾಯಿ ತೂತು ಕೊರೆದು ಮೊಟ್ಟೆ ಇಡುತ್ತದೆ. ಕಾಯಿ ಉದುರಿದ ಮೇಲೆ ಮರಿ ಹೊರಬಂದು ಮಣ್ಣಿಗೆ ಇಳಿಯಬೇಕು, ನಿಮ್ಮ ಮೇಜಿನ ಮೇಲೆ ಮಣ್ಣು ಸಿಗಲಿಲ್ಲ, ಪಾಪ. ಮುಂದಿನ ಸಲ ತಂದ ಕೂಡಲೇ ನೀರಿಗೆ ಹಾಕಿ, ತೇಲಿದವನ್ನು ಹಿತ್ತಲಿಗೆ ಎಸೆಯಿರಿ. ಮುಳುಗಿದವನ್ನು ಒರೆಸಿ ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಎರಡು ಗಂಟೆ ಇಡಿ, ನಡುನಡುವೆ ಕೈಯಾಡಿಸಿ. ಸೆಲ್ಸಿಯಸ್‌ನಲ್ಲಿ ಅದು ಸುಮಾರು 93. ಪೈನ್ ಕಾಯಿಗೂ ಇದೇ ಉಪಚಾರ, ಸಮಯ ಅರ್ಧ ಸಾಕು. ಬಿಸಿಗೆ ಅದು ಅರಳುತ್ತದೆ ಕೂಡ. ಓವನ್ ಪಕ್ಕದಿಂದ ಏಳಬೇಡಿ.

ಎಡಿಸನ್‌ಅಮ್ಮ (ನ್ಯೂಜೆರ್ಸಿ) · 12 ಅಕ್ಟೋಬರ್

ಒಂದು ಸಣ್ಣ ಕೋರಿಕೆ. ನಿಮ್ಮ ಕುಂಬಳಕಾಯಿಗಳಲ್ಲಿ ಒಂದಕ್ಕೆ ನೀಲಿ-ಹಸಿರು ಬಣ್ಣ ಬಳಿಯಿರಿ, ನವಿಲಿನ ಕತ್ತಿನ ಬಣ್ಣಕ್ಕೆ ಹತ್ತಿರದ್ದು. ಆ ಬಣ್ಣದ ಕುಂಬಳ ಬಾಗಿಲಲ್ಲಿದ್ದರೆ "ಇಲ್ಲಿ ತಿಂಡಿಯಲ್ಲದ ಉಡುಗೊರೆಯೂ ಇದೆ" ಎಂದರ್ಥ. ಆಹಾರದ ಅಲರ್ಜಿ ಇರುವ ಮಕ್ಕಳಿಗಾಗಿ ಟೆನೆಸಿಯಲ್ಲಿ ಶುರುವಾಗಿ 2014ರಿಂದ ಅಮೆರಿಕದಾದ್ಯಂತ ಹರಡಿದ ರೂಢಿ. ನನ್ನ ಮಗನಿಗೆ ಕಡಲೆಕಾಯಿ ಆಗದು. ಮನೆಮನೆಯಿಂದ ಚೀಲ ತುಂಬ ಚಾಕೊಲೇಟ್ ತಂದು, ಮನೆಗೆ ಬಂದು ಒಂದೊಂದಾಗಿ ನನ್ನ ಕೈಗೆ ಕೊಟ್ಟುಬಿಡುತ್ತಾನೆ. ಪೆನ್ಸಿಲ್, ಸ್ಟಿಕ್ಕರ್, ಬುಗುರಿ ಏನಾದರೂ ಸರಿ.

ಹತ್ತಿಯಂತೆ ಎಳೆದು ಹರಡುವ ಕೃತಕ ಜೇಡರಬಲೆಯನ್ನು ಗಿಡಗಳ ಮೇಲೆ ಹಾಕಬೇಡಿ, ಜೇನುನೊಣ, ಸಣ್ಣ ಹಕ್ಕಿ ಸಿಕ್ಕಿಕೊಳ್ಳುತ್ತವೆ. ಬಲೆ ಬೇಕೇಬೇಕೆಂದರೆ ಅಂಗಳದಲ್ಲಿ ರಂಗೋಲಿ ಹಾಕಿ. ನಡುವಿನಿಂದ ಎಂಟು ಗೆರೆ ಎಳೆದು, ಗೆರೆಯಿಂದ ಗೆರೆಗೆ ಒಳಬಾಗಿದ ಕಮಾನು ಜೋಡಿಸುತ್ತಾ ಹೋದರೆ ಜೇಡರಬಲೆ ಸಿದ್ಧ. ಮೂಲೆಗೊಂದು ಜೇಡ ಬರೆದರೆ ಮುಗಿಯಿತು. ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡದ್ದು ಇದೇ.

ಮಲ್ಲಿಗೆಬಳ್ಳಿ · 19 ಅಕ್ಟೋಬರ್

ನಿನ್ನೆ ಸರ್ಕಲ್‌ವಿಲ್‌ನ ಕುಂಬಳಕಾಯಿ ಜಾತ್ರೆಗೆ ಹೋಗಿದ್ದೆವು. ನಮ್ಮಿಂದ ಒಂದು ಗಂಟೆಯ ದಾರಿ. 1903ರಿಂದ ನಡೆಯುತ್ತಿರುವ ಜಾತ್ರೆಯಂತೆ. ಕುಂಬಳದ ಡೋನಟ್, ಕುಂಬಳದ ಐಸ್‌ಕ್ರೀಮ್, ಕಾರಿನಷ್ಟು ದೊಡ್ಡ ಕುಂಬಳ. ಅತ್ತೆ ಆ ದೊಡ್ಡದನ್ನು ಸುತ್ತು ಹಾಕಿ ನೋಡಿ "ಇದರ ಹುಳಿಗೆ ಎಷ್ಟು ಸೇರು ಬೇಳೆ ಬೇಕೋ" ಎಂದರು. ನಾಲ್ಕು ಕುಂಬಳ ತಂದೆವು.

ಮೇಷ್ಟ್ರೇ, ಚಿತ್ತಾರದ ಪ್ರಯೋಗ ಮಾಡಿದೆ. ಅಕ್ಕಿ ನೆನೆಸಿ ಅರೆದು ಗೆರೆ ಎಳೆದರೆ, ಕಮಲದೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಉರುಳಿಹೋಯಿತು. ಇದರ ಸಿಪ್ಪೆಗೆ ಮೇಣದಂಥ ಹೊಳಪಿದೆ. ಏನು ಮಾಡಲಿ?

ಹಳೆಮೇಷ್ಟ್ರು · 19 ಅಕ್ಟೋಬರ್

ಬುಟ್ಟಿಗೆ ಮೊದಲು ಸೆಗಣಿ, ಆಮೇಲೆ ಕೆಮ್ಮಣ್ಣು ಬಳಿಯುವುದು ಸುಮ್ಮನೆ ಅಲ್ಲ. ಬಣ್ಣಕ್ಕೆ ಕಚ್ಚಿಕೊಳ್ಳಲು ನೆಲ ಬೇಕು. ಸೋಪಿನಲ್ಲಿ ತೊಳೆದು, ಒರೆಸಿ, ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ. ಇಟ್ಟಿಗೆ ಕೆಂಪಿನ ಅಕ್ರಿಲಿಕ್ ಬಣ್ಣ ಎರಡು ಸಲ ಬಳಿದು ಒಣಗಿಸಿ. ಬಿಳಿಗೂ ಅಕ್ರಿಲಿಕ್ಕೇ ಇರಲಿ, ಅಕ್ಕಿ ಬೇಡ, ಅಳಿಲು ಬರುತ್ತದೆ. ಕುಂಚದ ಬದಲು ಹಲ್ಲುಕಡ್ಡಿಯ ತುದಿಯನ್ನು ಜಜ್ಜಿ ನಾರು ಮಾಡಿಕೊಳ್ಳಿ.

ಮಲ್ಲಿಗೆಬಳ್ಳಿ · 25 ಅಕ್ಟೋಬರ್

ಬಂತು! ಗೆರೆಗಳು ಅಲ್ಲಲ್ಲಿ ನಡುಗಿವೆ, ಆದರೂ ಬಂತು. ದೀಪಾವಳಿಯ ಹಣತೆಗಳನ್ನು ತೆಗೆಯದೆ ಕೆಂಪು ಕುಂಬಳದ ಸುತ್ತ ಹಾಗೆಯೇ ಬಿಟ್ಟಿದ್ದೇನೆ. ಹೋದ ವರ್ಷ ನರಕ ಚತುರ್ದಶಿಯೂ ಹ್ಯಾಲೊವೀನೂ ಒಂದೇ ದಿನ ಬಂದಿತ್ತಲ್ಲ, ಆಗ ಈ ಜಗಲಿ ಇರಬೇಕಿತ್ತು.

ಈಗ ಭೂತದ ವಾರ. ಬಿಳಿ ಜಾಳಿಗೆ ಬಟ್ಟೆಯ ಭೂತ ಮಾಡುವುದು ಹೇಗೆ? ಅಂಗಡಿಯ ಪಿಷ್ಟದ ಸ್ಪ್ರೇ ತಂದು ಹೊಡೆದೆ, ನಿಲ್ಲಲಿಲ್ಲ.

ಅಟ್ಟದಬೆಕ್ಕು · 25 ಅಕ್ಟೋಬರ್

ಸ್ಪ್ರೇ ಬಿಸಾಕಿ. ಗಂಜಿ ಇದೆಯಲ್ಲ! ಅಜ್ಜಂದಿರ ಪಂಚೆಯನ್ನು ನಿಲ್ಲಿಸಿದರೆ ನಿಲ್ಲುವಂತೆ ಮಾಡುತ್ತಿದ್ದದ್ದು ಯಾವುದು? ಅನ್ನದ ಗಂಜಿಯನ್ನು ಇನ್ನಷ್ಟು ಕುದಿಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಬಾಟಲಿಯ ಬಾಯಿಗೆ ಊದಿದ ಬಲೂನು ಅಂಟಿಸಿ, ತಂತಿಯಿಂದ ಎರಡು ಕೈ ಮಾಡಿ. ಹಳೆಯ ತೆಳು ಪಂಚೆಯ ತುಂಡನ್ನು ಗಂಜಿಯಲ್ಲಿ ಅದ್ದಿ, ಹಿಂಡದೆ ಮೇಲಿಂದ ಇಳಿಬಿಡಿ. ನೆರಿಗೆಗಳನ್ನು ಬೆರಳಿನಿಂದ ತಿದ್ದಿ, ಫ್ಯಾನ್ ಹಾಕಿ. ಬೇಗ ಒಣಗದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಒಣಗಿದ ಮೇಲೆ ಬಲೂನು ಒಡೆದು ಬಾಟಲಿ ಎಳೆದುಕೊಂಡರೆ ಭೂತ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಮಳೆಗೆ ಸಿಗದಂತೆ ಇಡಿ.

ಮಲ್ಲಿಗೆಬಳ್ಳಿ · 28 ಅಕ್ಟೋಬರ್

ನಿಂತಿದೆ. ಆತುರದಲ್ಲಿ ಅಂಚು ನೋಡದೆ ಕತ್ತರಿಸಿದೆ, ನಮ್ಮ ಭೂತ ಜರಿಯಂಚಿನದು. ಯಜಮಾನರು "ಅದು ನನ್ನ ಮದುವೆಯ ಪಂಚೆಯೇ?" ಎಂದು ಕೇಳಿದ್ದಾರೆ. ನಾನಿನ್ನೂ ಉತ್ತರಿಸಿಲ್ಲ.

ನಾಳೆ ಕುಂಬಳ ಕೊರೆಯುತ್ತೇನೆ. ಏನಾದರೂ ಕಿವಿಮಾತು?

ಲಿಫಿದಂಡೆಯವ · 28 ಅಕ್ಟೋಬರ್

ತುರಿಮಣೆ ಬೇಡ, ಇದು ಮೆತ್ತಗಿದೆ.

ಎಡಿಸನ್‌ಅಮ್ಮ · 28 ಅಕ್ಟೋಬರ್

ನಾಳೆಯಲ್ಲ, 30ಕ್ಕೆ ಕೊರೆಯಿರಿ. ಇಡೀ ಕುಂಬಳ ವಾರಗಟ್ಟಲೆ ಇರುತ್ತದೆ, ಕೊರೆದದ್ದು ಮೂರು ನಾಲ್ಕು ದಿನದಲ್ಲಿ ಮುಖ ಒಳಗೆ ಹೋಗಿ ಹಲ್ಲಿಲ್ಲದ ಅಜ್ಜನಾಗುತ್ತದೆ. ತೊಟ್ಟಿನ ಬಳಿ ಕತ್ತರಿಸಬೇಡಿ, ತಳ ಕತ್ತರಿಸಿ. ದೀಪ ನೆಲದ ಮೇಲಿಟ್ಟು ಕುಂಬಳವನ್ನು ಟೊಪ್ಪಿಯಂತೆ ಮುಚ್ಚಬಹುದು. ಒಳಗೋಡೆಯನ್ನು ಒಣಗುವಷ್ಟು ಕೆರೆದು, ಕೊರೆದ ಅಂಚಿಗೆ ವ್ಯಾಸಲಿನ್ ಸವರಿ. ಬೀಜ ತೊಳೆದು ಉಪ್ಪು, ಖಾರದಪುಡಿ, ಇಂಗು ಹಾಕಿ ಹುರಿಯಿರಿ, ಕೊರೆಯುವವರ ಕೂಲಿ ಅದೇ.

ಜಯನಗರದವಳು · 30 ಅಕ್ಟೋಬರ್

ಎಲೆಮರೆಕಾಯಿ ಅವರೇ, ಅರಳಿ ಎಲೆ ಹದಿನಾರು ಚೆನ್ನಾಗಿ ಬಂದವು, ಒಂಬತ್ತು ಹರಿದವು. ವಾಸನೆಯ ಬಗ್ಗೆ ಮೂರನೆಯ ಮಹಡಿಯವರು ದೂರು ಕೊಟ್ಟಿದ್ದಾರೆ. ಮೊಗಸಾಲೆಯ ದೀಪದ ಮುಂದೆ ತೂಗುಬಿಟ್ಟಿದ್ದೇನೆ, ಅದೇ ಮೂರನೆಯ ಮಹಡಿಯವರು ಫೋಟೋ ತೆಗೆದುಕೊಂಡರು.

ಮಲ್ಲಿಗೆಬಳ್ಳಿ, ಒಂದು ಉಪಾಯ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯಿರಿ. ತೊಂಬತ್ತರ ದಶಕದ ಆ ಗುಲ್ಲು ನೆನಪಿದೆಯೇ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಗೋಡೆಯ ಮೇಲಿನ "ನಾಳೆ ಬಾ" ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ನಮ್ಮ ಬೀದಿಯಲ್ಲಿ ಬರೆಯದ ಬಾಗಿಲೇ ಇರಲಿಲ್ಲ. ಕಾಸು ಖರ್ಚಿಲ್ಲದ ಅಪ್ಪಟ ಕನ್ನಡ ಅಲಂಕಾರ.

ಮಲ್ಲಿಗೆಬಳ್ಳಿ · 30 ಅಕ್ಟೋಬರ್

ಅತ್ತೆಗೆ ಓದಿ ಹೇಳಿದೆ. ಇದುವರೆಗೆ ಜಗಲಿಯ ಕಡೆ ತಲೆ ಹಾಕದವರು ತಾವೇ ಸೀಮೆಸುಣ್ಣ ಕೇಳಿ, ಕಪ್ಪು ರಟ್ಟಿನ ಮೇಲೆ ದುಂಡಗೆ ಬರೆದು ಬಾಗಿಲಿಗೆ ತೂಗುಹಾಕಿದರು. ಮೈಸೂರಿನಲ್ಲೂ ಬರೆದಿದ್ದರಂತೆ, ಮಾವನವರಿಗೆ ಗೊತ್ತಾಗದಂತೆ.

ಮಲ್ಲಿಗೆಬಳ್ಳಿ · 2 ನವೆಂಬರ್

ಕೊನೆಯ ವರದಿ. ಶುಕ್ರವಾರ ಸಂಜೆ ಎಂಬತ್ತಕ್ಕೂ ಹೆಚ್ಚು ಮಕ್ಕಳು ಬಂದರು. ಚಿತ್ತಾರದ ಕುಂಬಳವನ್ನು ಎಲ್ಲಿ ಕೊಂಡಿರಿ ಎಂದು ಮೂವರು ಕೇಳಿದರು. ಜರಿಭೂತದ ಜೊತೆ ಫೋಟೋಗಳಾದವು. ನೀಲಿ-ಹಸಿರು ಕುಂಬಳ ನೋಡಿ ಒಬ್ಬ ತಾಯಿ ಮೆಟ್ಟಿಲ ಕೆಳಗಿನಿಂದಲೇ ಕೈಯೆತ್ತಿ ವಂದಿಸಿದರು, ಎಡಿಸನ್ ಅಮ್ಮ, ಅದು ನಿಮಗೆ ಸೇರಬೇಕಾದದ್ದು. ಒಟ್ಟು ಖರ್ಚು 34 ಡಾಲರ್, ಪಂಚೆ ಬಿಟ್ಟು. ಕೊರೆದ ಕುಂಬಳದ ಒಂದು ಕಿವಿಯನ್ನು ಆಗಲೇ ಅಳಿಲು ತಿಂದಿದೆ.

ಎದುರು ಮನೆಯ ಆರು ವರ್ಷದ ಹುಡುಗ ಬಾಗಿಲ ಬರಹ ತೋರಿಸಿ ಏನೆಂದು ಕೇಳಿದ. ನಮ್ಮ ಮಗ ಅರ್ಥ ಹೇಳಿದ. ಹುಡುಗ ಗಂಭೀರವಾಗಿ ತಲೆಯಾಡಿಸಿ ಹೋದ.

ನಿನ್ನೆ ಸಂಜೆ ಆರಕ್ಕೆ ಗಂಟೆ ಬಾರಿಸಿತು. ಅದೇ ಹುಡುಗ, ಅದೇ ಚೀಲ, ವೇಷ ಮಾತ್ರ ಇಲ್ಲ. "ನಾಳೆ ಬಾ" ಎಂದು ಬರೆದಿತ್ತು, ಬಂದಿದ್ದಾನೆ. ಚಾಕೊಲೇಟ್ ಖಾಲಿಯಾಗಿತ್ತು. ಅವನ ಅಮ್ಮನನ್ನು ಕೇಳಿಕೊಂಡು ಅತ್ತೆ ದೀಪಾವಳಿಯ ಡಬ್ಬದಿಂದ ಎರಡು ಚಕ್ಕುಲಿ ಕೊಟ್ಟರು.

ರಟ್ಟನ್ನು ಇಳಿಸಲು ಅತ್ತೆ ಬಿಡುತ್ತಿಲ್ಲ. ಈಗ ಆರು ಗಂಟೆ. ಅವರು ಆಗಲೇ ಡಬ್ಬ ಹಿಡಿದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದಾರೆ.